ಬಾಟಲಿ ಲೇಬಲ್ ಮೇಲೆ ಬಂದು ಕೂತ ಸಂಹಿತೆ

ಭಾಗ 1/9: ಸಣ್ಣಕ್ಷರದ ಆ ಒಂದು ಸಾಲು

ಮನೇಲಿ ಯಾವುದಾದ್ರೂ ಅರಿಷ್ಟ, ತೈಲ ಅಥವಾ ಲೇಹ್ಯದ ಬಾಟಲಿ ಇದ್ರೆ ಎತ್ತಿಕೊಂಡು ಬನ್ನಿ. ಮುಂದಿರೋ ದೊಡ್ಡ ಹೆಸರು ಬೇಡ, ಹಿಂದೆ ಇರೋ ಸಣ್ಣಕ್ಷರ ನೋಡಿ. ಪದಾರ್ಥಗಳ ಪಟ್ಟಿ ಹತ್ರ ಎಲ್ಲೋ ಒಂದು ಪುಸ್ತಕದ ಹೆಸರು ಸಿಗುತ್ತೆ. ಶಾರ್ಙ್ಗಧರ ಸಂಹಿತೆ, ಅಷ್ಟಾಂಗ ಹೃದಯ, ಸಹಸ್ರಯೋಗ, ಭೈಷಜ್ಯ ರತ್ನಾವಳಿ, ಇಂಥದ್ದೇನೋ ಒಂದು. ತಲೆನೋವಿನ ಮಾತ್ರೆ ಪಟ್ಟಿ ಮೇಲೆ ಯಾವತ್ತಾದ್ರೂ ಪುಸ್ತಕದ ಹೆಸರು ನೋಡಿದ್ದೀರಾ? ಇಲ್ಲ ಅಲ್ವಾ. ಇಲ್ಲಿ ಮಾತ್ರ ಯಾಕೆ?

ಕಾರಣ ಕಾನೂನು. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಗೆ 1964ರಲ್ಲಿ ತಿದ್ದುಪಡಿ ಮಾಡಿ ಆಯುರ್ವೇದ ಔಷಧಿಗಳಿಗೆ ಅಂತಾನೇ ಒಂದು ಅಧ್ಯಾಯ ಸೇರಿಸಿದ್ರು. ಆ ಕಾಯ್ದೆಯ ಕೊನೆಯಲ್ಲಿ ಮೊದಲನೇ ಅನುಸೂಚಿ ಅಂತ ಒಂದು ಪಟ್ಟಿ ಇದೆ. ಅದರಲ್ಲಿ ಆಯುರ್ವೇದದ ಐವತ್ತಕ್ಕೂ ಹೆಚ್ಚು ಗ್ರಂಥಗಳ ಹೆಸರಿದೆ: ಚರಕ, ಸುಶ್ರುತ, ವಾಗ್ಭಟ, ಭಾವಪ್ರಕಾಶ ಎಲ್ಲಾ. ಆ ಪುಸ್ತಕಗಳಲ್ಲಿ ಹೇಳಿರೋ ಸೂತ್ರದಂತೆ ಮಾಡಿದ್ದು ಶಾಸ್ತ್ರೀಯ ಔಷಧಿ. ಅಲ್ಲಿನ ಪದಾರ್ಥಗಳನ್ನೇ ತಗೊಂಡು ಕಂಪನಿ ತನ್ನದೇ ಸೂತ್ರ ಮಾಡಿದ್ರೆ ಅದು ಪ್ರೊಪ್ರೈಟರಿ ಔಷಧಿ.

ನಾನು ಬಿಕಾಂ ಓದ್ತಿರೋನು. ನನಗೆ ಇದು ಮೊದಲು ಸಿಕ್ಕಿದ್ದು ವೈದ್ಯರ ಹತ್ರ ಅಲ್ಲ, ತೆರಿಗೆ ಪಾಠದಲ್ಲಿ. ಹಳೇ ಎಕ್ಸೈಸ್ ಸುಂಕದ ಪಟ್ಟಿಯಲ್ಲಿ ಅಧಿಕೃತ ಗ್ರಂಥದ ಸೂತ್ರದಂತೆಯೇ ತಯಾರಿಸಿ, ಆ ಗ್ರಂಥದಲ್ಲಿರೋ ಹೆಸರಲ್ಲೇ ಮಾರುವ ಔಷಧಿಗೆ ಬೇರೆ ಸಾಲೇ ಇತ್ತು. ಸಾವಿರಾರು ವರ್ಷದ ಹಿಂದಿನ ಸಂಸ್ಕೃತ ಪದ್ಯ ಸುಂಕದ ಪಟ್ಟಿಯಲ್ಲಿ ಕೂತಿದೆ ಅಂದ್ರೆ ನಂಬ್ತೀರಾ? ಆಗಿಂದ ತಲೆ ಕೊರೀತಾ ಇರೋ ಪ್ರಶ್ನೆ ಇದು: ಆ ಪುಸ್ತಕ ಯಾವುದು, ಅದನ್ನ ಯಾರು ಯಾರಿಗೆ ಹೇಗೆ ಕಲಿಸ್ತಾ ಬಂದ್ರು, ಲೇಬಲ್‌ವರೆಗೆ ಅದು ಹೇಗೆ ಬಂತು?

ಒಂಬತ್ತು ಪೋಸ್ಟ್ ಆಗುತ್ತೆ. ಸೇವ್ ಮಾಡಿಕೊಂಡು ನಿಧಾನಕ್ಕೆ ಓದಿ.

ಭಾಗ 2/9: ಚರಕ ಅಂದ್ರೆ ಒಬ್ಬನಲ್ಲ

"ಚರಕ ಹೇಳಿದ್ದಾನೆ" ಅಂತ ಶುರುವಾಗೋ ರೀಲ್ಸ್ ದಿನಕ್ಕೆ ನಾಲ್ಕಾದ್ರೂ ಬರುತ್ತೆ. ಆದ್ರೆ ಚರಕ ಸಂಹಿತೆ ಅನ್ನೋದು ಒಬ್ಬರ ಕೈಬರಹ ಅಲ್ಲ. ಗ್ರಂಥವೇ ತನ್ನ ವಂಶಾವಳಿ ಹೇಳಿಕೊಳ್ಳುತ್ತೆ. ಆತ್ರೇಯ ಪುನರ್ವಸು ಆರು ಜನ ಶಿಷ್ಯರಿಗೆ ಪಾಠ ಮಾಡಿದ. ಅವರಲ್ಲಿ ಅಗ್ನಿವೇಶ ಅದನ್ನ ತಂತ್ರವಾಗಿ ಬರೆದ. ಚರಕ ಅದನ್ನ ಪರಿಷ್ಕರಿಸಿದ. ಮುಂದೆ ಅದರ ಒಂದಷ್ಟು ಭಾಗ ಸಿಗದೇ ಹೋದಾಗ ದೃಢಬಲ ಅನ್ನೋನು ಬೇರೆ ಬೇರೆ ಗ್ರಂಥಗಳಿಂದ ಆಯ್ದು ಪೂರ್ತಿ ಮಾಡಿದ.

ಲೆಕ್ಕ ಹಾಕೋಣ, ಕಾಮರ್ಸ್ ಬುದ್ಧಿ ಎಲ್ಲಿ ಹೋಗುತ್ತೆ. ಗ್ರಂಥದಲ್ಲಿ ಎಂಟು ಸ್ಥಾನ, ಒಟ್ಟು 120 ಅಧ್ಯಾಯ. ಅದರಲ್ಲಿ ಚಿಕಿತ್ಸಾಸ್ಥಾನದ 17 ಅಧ್ಯಾಯ, ಕಲ್ಪಸ್ಥಾನದ 12, ಸಿದ್ಧಿಸ್ಥಾನದ 12 ತಾನು ಸೇರಿಸಿದ್ದು ಅಂತ ದೃಢಬಲನೇ ಹೇಳ್ತಾನೆ. ಒಟ್ಟು 41. ಅಂದ್ರೆ ನಾವು ಇವತ್ತು ಚರಕ ಸಂಹಿತೆ ಅಂತ ಕರೆಯೋದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ದೃಢಬಲನ ಕೈಯಿಂದ ಬಂದದ್ದು.

ಇದನ್ನ ಅವನು ಮುಚ್ಚಿಡಲಿಲ್ಲ, ಅದು ನನಗೆ ತುಂಬಾ ಹಿಡಿಸಿದ ವಿಷಯ. ಪರಿಷ್ಕಾರ ಮಾಡೋನ ಕೆಲಸ ಏನು ಅಂತಾನೂ ಅಲ್ಲೇ ಹೇಳಿದ್ದಾನೆ: ಚುಟುಕಾಗಿ ಹೇಳಿದ್ದನ್ನ ಬಿಡಿಸಬೇಕು, ಅತಿಯಾಗಿ ಉದ್ದ ಆಗಿದ್ದನ್ನ ಮೊಟಕು ಮಾಡಬೇಕು, ಹಳೇ ಗ್ರಂಥವನ್ನ ಮತ್ತೆ ಹೊಸದು ಮಾಡಬೇಕು. ಮನೆ ಹಂಚು ವರ್ಷಕ್ಕೊಮ್ಮೆ ಇಳಿಸಿ ಒಡೆದದ್ದನ್ನ ಬದಲಾಯಿಸ್ತಾರಲ್ಲ, ಹಾಗೆ. ಮನೆ ಅದೇ, ಹಂಚು ಬೇರೆ.

ಈ ಮಾತು ನೆನಪಿಟ್ಟುಕೊಳ್ಳಿ. ಕೊನೇ ಪೋಸ್ಟ್‌ಗೆ ಬೇಕಾಗುತ್ತೆ.

ಭಾಗ 3/9: ಸೋರೆಕಾಯಿ ಮೇಲೆ ಆಪರೇಷನ್

ಈ ಗ್ರಂಥಗಳನ್ನ ಆಗ ಹೇಗೆ ಕಲಿಸ್ತಿದ್ರು? ಉತ್ತರ ಗ್ರಂಥದ ಒಳಗೇ ಇದೆ.

ಚರಕದ ವಿಮಾನಸ್ಥಾನದ ಎಂಟನೇ ಅಧ್ಯಾಯ ಓದಿದ್ರೆ ಇವತ್ತಿನ ಅಡ್ಮಿಷನ್ ಕೌನ್ಸೆಲಿಂಗ್ ನೆನಪಾಗುತ್ತೆ. ವೈದ್ಯ ಆಗಬೇಕು ಅನ್ನೋನು ಮೊದಲು ಮಾಡಬೇಕಾದ್ದು ಗುರುವಿನ ಹುಡುಕಾಟ ಅಲ್ಲ, ಪುಸ್ತಕದ ಆಯ್ಕೆ! ಲೋಕದಲ್ಲಿ ಬಗೆಬಗೆಯ ವೈದ್ಯಶಾಸ್ತ್ರ ಓಡಾಡ್ತಿವೆ, ಅದರಲ್ಲಿ ಯಾವುದು ಸ್ಪಷ್ಟ, ಯಾವುದರಲ್ಲಿ ಸುಮ್ಮನೆ ಪುನರುಕ್ತಿ ಇಲ್ಲ, ಯಾವುದು ಬುದ್ಧಿವಂತ, ಮಧ್ಯಮ, ದಡ್ಡ ಮೂವರಿಗೂ ಅರ್ಥ ಆಗುತ್ತೆ ಅಂತ ನೋಡಿ ಆರಿಸು ಅನ್ನುತ್ತೆ. ಆಮೇಲೆ ಗುರುವಿನ ಪರೀಕ್ಷೆ. ಆಮೇಲೆ ಗುರು ಶಿಷ್ಯನನ್ನ ಪರೀಕ್ಷೆ ಮಾಡೋದು. ಕಲಿಯೋಕೆ ಮೂರು ದಾರಿ: ಓದೋದು, ಓದಿಸೋದು, ಅದೇ ವಿದ್ಯೆ ಬಲ್ಲವರ ಜೊತೆ ಚರ್ಚೆ ಮಾಡೋದು. ಚರ್ಚೆಯಲ್ಲೂ ಎರಡು ಥರ, ಸ್ನೇಹದ ಚರ್ಚೆ ಮತ್ತೆ ಗೆಲ್ಲೋಕೆ ಮಾಡೋ ವಾದ.

ಸುಶ್ರುತದಲ್ಲಿ ಪಾಠದ ಕ್ರಮ ಇನ್ನೂ ವಿವರವಾಗಿದೆ. ಶಿಷ್ಯನ ಶಕ್ತಿ ನೋಡಿ ಪದ ಪದವಾಗಿ, ಪಾದ ಪಾದವಾಗಿ, ಇಲ್ಲಾ ಶ್ಲೋಕ ಶ್ಲೋಕವಾಗಿ ಹೇಳಿಕೊಡಬೇಕು. ಆದ್ರೆ ಬಾಯಿಪಾಠ ಮಾಡಿ ಅರ್ಥ ತಿಳಿಯದವನನ್ನ ಅದು ಗಂಧದ ಕೊರಡು ಹೊತ್ತ ಕತ್ತೆಗೆ ಹೋಲಿಸುತ್ತೆ. ಕತ್ತೆಗೆ ಭಾರ ಗೊತ್ತು, ಗಂಧ ಗೊತ್ತಿಲ್ಲ. ಪರೀಕ್ಷೆ ಹಿಂದಿನ ರಾತ್ರಿ ನಮ್ಮ ಹಾಸ್ಟೆಲ್‌ಗೆ ಬಂದು ನೋಡಿದಂಗಿದೆ.

ಓದು ಮಾತ್ರ ಸಾಲದು ಅಂತ ಅಭ್ಯಾಸಕ್ಕೂ ಒಂದು ಅಧ್ಯಾಯ ಇದೆ. ಕೊಯ್ಯೋದನ್ನ ಬೂದುಗುಂಬಳ, ಸೋರೆಕಾಯಿ, ಕಲ್ಲಂಗಡಿ, ಸೌತೆಕಾಯಿ ಮೇಲೆ ಕಲಿ. ಹೆರೆಯೋದನ್ನ ರೋಮ ಇರೋ ಚರ್ಮದ ಮೇಲೆ ಕಲಿ. ರಕ್ತನಾಳ ಚುಚ್ಚೋದನ್ನ ಸತ್ತ ಪ್ರಾಣಿಯ ನಾಳ, ತಾವರೆ ದಂಟಿನ ಮೇಲೆ ಕಲಿ. ಪಟ್ಟಿ ಕಟ್ಟೋದನ್ನ ಬೊಂಬೆ ಮೇಲೆ ಕಲಿ.

ಇನ್ನೂ ಮುಂದೆ ಹೋಗಿ, ಹೆಣವನ್ನ ಹುಲ್ಲು ನಾರಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯೋ ನೀರಲ್ಲಿ ಏಳು ರಾತ್ರಿ ಮರೆಯಾಗಿ ಇರಿಸಿ, ಆಮೇಲೆ ಕುಂಚದಿಂದ ಮೆಲ್ಲಗೆ ಉಜ್ಜುತ್ತಾ ಪದರ ಪದರವಾಗಿ ಕಣ್ಣಾರೆ ನೋಡು ಅನ್ನುತ್ತೆ. ಶಾಸ್ತ್ರದಲ್ಲಿ ಓದಿದ್ದು ಮತ್ತು ಕಣ್ಣಿಂದ ನೋಡಿದ್ದು, ಎರಡೂ ಸೇರಿದಾಗಲೇ ಜ್ಞಾನ ಬೆಳೆಯೋದು ಅನ್ನೋದು ಅದರ ವಾದ.

ಇನ್ನೊಂದು ಕುತೂಹಲ. ದೇಹದಲ್ಲಿ ಮೂಳೆ ಎಷ್ಟು? ಚರಕದಲ್ಲಿ 360. ಸುಶ್ರುತದಲ್ಲಿ 300, ಜೊತೆಗೆ ಬೇರೆಯವರು 360 ಅಂತಾರೆ ಅಂತ ಅದೇ ಹೇಳಿಬಿಡುತ್ತೆ. ಇವತ್ತಿನ ಲೆಕ್ಕ 206. ಹಲ್ಲು, ಉಗುರು, ಮೃದ್ವಸ್ಥಿ ಸೇರಿಸಿ ಎಣಿಸೋದ್ರಿಂದ ಸಂಖ್ಯೆ ಹೆಚ್ಚಾಗುತ್ತೆ. ಗ್ರಂಥಗಳ ನಡುವೆ ಭಿನ್ನಾಭಿಪ್ರಾಯ ಇತ್ತು, ಅದನ್ನ ಅವು ಒಪ್ಪಿಕೊಂಡೂ ಇದ್ದವು.

ಭಾಗ 4/9: ವಾಗ್ಭಟನ ಧೈರ್ಯ

ಚರಕ ಔಷಧಿ ಕಡೆ ಜಾಸ್ತಿ, ಸುಶ್ರುತ ಶಸ್ತ್ರದ ಕಡೆ ಜಾಸ್ತಿ. ಎರಡನ್ನೂ ಸೇರಿಸಿ ಕಲಿಯೋ ಹುಡುಗರಿಗೆ ಹೊರೆ ಆಗದ ಹಾಗೆ ಕೊಟ್ಟ ಗ್ರಂಥ ಅಷ್ಟಾಂಗ ಹೃದಯ. ಇದೂ 120 ಅಧ್ಯಾಯ, ಆದ್ರೆ ಪದ್ಯದಲ್ಲಿ, ಬಾಯಿಗೆ ಸಲೀಸು. ಅದಕ್ಕೇ ದೂರ ಹೋಯ್ತು. ಟಿಬೆಟನ್ ಭಾಷೆಗೆ ಅನುವಾದ ಆಯ್ತು. ಕೇರಳದ ಅಷ್ಟವೈದ್ಯ ಮನೆತನಗಳಲ್ಲಿ ಇದೇ ಮುಖ್ಯ ಗ್ರಂಥ ಆಯ್ತು. ಅಲ್ಲಿ ಹುಡುಗರು ಮೊದಲು ಸಂಸ್ಕೃತ ಕಲಿತು, ಹೃದಯವನ್ನ ಕಂಠಪಾಠ ಮಾಡಿ, ಆಮೇಲೆ ಹಿರಿಯರ ಪಕ್ಕ ಕೂತು ರೋಗಿ ನೋಡೋದನ್ನ ಕಲೀತಿದ್ರು. ಪುಸ್ತಕ ತಲೆಯಲ್ಲಿ, ರೋಗಿ ಎದುರಲ್ಲಿ.

ಅದೇ ವಾಗ್ಭಟ ಗ್ರಂಥದ ಕೊನೆಯಲ್ಲಿ ಒಂದು ವಾದ ಇಡ್ತಾನೆ. ಋಷಿ ಬರೆದದ್ದು ಅನ್ನೋ ಒಂದೇ ಕಾರಣಕ್ಕೆ ಓದೋದಾದ್ರೆ ಭೇಲನ ಗ್ರಂಥವೂ ಋಷಿಯದ್ದೇ ಅಲ್ವಾ, ಅದನ್ನ ಬಿಟ್ಟು ಚರಕ ಸುಶ್ರುತವನ್ನೇ ಯಾಕೆ ಓದ್ತೀರಿ? ಚೆನ್ನಾಗಿ ಹೇಳಿದ್ದಾರೆ ಅಂತ ತಾನೆ? ಹಾಗಿದ್ರೆ ಯಾರು ಹೇಳಿದ್ರು ಅನ್ನೋದು ಬಿಡಿ, ಚೆನ್ನಾಗಿ ಹೇಳಿದ್ದನ್ನ ತಗೊಳ್ಳಿ.

ಹೊಸಬನೊಬ್ಬ ಹಳಬರ ಎದುರು ನಿಂತು ಕೇಳಿದ ಪ್ರಶ್ನೆ ಇದು. ಆ ಹೊಸಬನ ಪುಸ್ತಕವೇ ಈಗ ಹಳೇ ಪ್ರಮಾಣ ಆಗಿದೆ.

ಹೀಗೆ ಹೊಸದು ಸೇರ್ತಾನೇ ಹೋಯ್ತು. ಹದಿನಾರನೇ ಶತಮಾನದ ಭಾವಮಿಶ್ರನ ಭಾವಪ್ರಕಾಶದಲ್ಲಿ ಫಿರಂಗ ರೋಗ ಅಂತ ಒಂದು ಬರುತ್ತೆ. ಫಿರಂಗಿಯವರ ಜೊತೆ ಬಂದ ಸಿಫಿಲಿಸ್ ಅದು. ಅದಕ್ಕೆ ಚೋಪಚೀನಿ ಅನ್ನೋ ಹೊರಗಿಂದ ಬಂದ ಬೇರನ್ನೂ ಹೇಳ್ತಾನೆ. ಹಳೇ ಪುಸ್ತಕದಲ್ಲಿ ಇಲ್ಲದ ರೋಗ ಎದುರಿಗೆ ಬಂದಾಗ ಹೊಸ ಅಧ್ಯಾಯ ಬರೆದರು, ಅಷ್ಟೇ.

ಭಾಗ 5/9: ಕನ್ನಡದಲ್ಲಿ ವೈದ್ಯ

ನಮ್ಮ ನಾಡಿನ ಕಥೆ ಇಲ್ಲದೆ ಸರಣಿ ಮುಗಿಸೋಕೆ ಆಗುತ್ತಾ?

ಒಂಬತ್ತನೇ ಶತಮಾನ, ರಾಷ್ಟ್ರಕೂಟರ ಕಾಲ. ಉಗ್ರಾದಿತ್ಯ ಅನ್ನೋ ಜೈನ ವಿದ್ವಾಂಸ ಸಂಸ್ಕೃತದಲ್ಲಿ ಕಲ್ಯಾಣಕಾರಕ ಬರೀತಾನೆ. ಆಯುರ್ವೇದದ ಚೌಕಟ್ಟು ಅದೇ, ಆದ್ರೆ ಮಾಂಸ, ಮದ್ಯ, ಜೇನು ಇರೋ ಯೋಗಗಳನ್ನ ಕೈಬಿಟ್ಟ. ಚರಕ ಸುಶ್ರುತದಲ್ಲಿ ಮಾಂಸರಸ, ಮದ್ಯ ಎರಡೂ ಔಷಧಿಯಾಗಿ ಧಾರಾಳವಾಗಿವೆ ಅನ್ನೋದನ್ನ ಇಲ್ಲಿ ನೆನಪಿಡಬೇಕು. ತನ್ನ ಧರ್ಮಕ್ಕೆ ಒಗ್ಗದ್ದನ್ನ ಅವನು ಗುಟ್ಟಾಗಿ ಅಳಿಸಲಿಲ್ಲ. ಬೇರೆ ಗ್ರಂಥ ಬರೆದು, ಯಾಕೆ ಬೇಡ ಅಂತ ವಾದ ಮಾಡಿದ.

ಹನ್ನೆರಡನೇ ಶತಮಾನದ ಹೊತ್ತಿಗೆ ಜಗದ್ದಳ ಸೋಮನಾಥ ಪೂಜ್ಯಪಾದರ ಕಲ್ಯಾಣಕಾರಕವನ್ನ ಕನ್ನಡಕ್ಕೆ ತಂದ. ಚಾಲುಕ್ಯ ಮನೆತನದ ಕೀರ್ತಿವರ್ಮ ಗೋವೈದ್ಯ ಬರೆದ, ಹಸುಗಳ ಚಿಕಿತ್ಸೆಯ ಪುಸ್ತಕ. ಹದಿನಾಲ್ಕನೇ ಶತಮಾನದಲ್ಲಿ, ವಿಜಯನಗರದ ಆರಂಭದ ಕಾಲದಲ್ಲಿ, ಮಂಗರಾಜ ಖಗೇಂದ್ರಮಣಿದರ್ಪಣ ಬರೆದ. ವಿಷ ಮತ್ತು ಅದರ ಚಿಕಿತ್ಸೆ ಬಗ್ಗೆ ಕನ್ನಡ ಪದ್ಯದಲ್ಲಿ ಇಡೀ ಒಂದು ಗ್ರಂಥ.

ವಿಷಯ ನೋಡಿ: ಹಸು, ಹಾವಿನ ವಿಷ. ಇವು ಬೇಕಾಗಿದ್ದು ಹೊಲ ಗದ್ದೆಯಲ್ಲಿ ಇರೋರಿಗೆ. ಹಾವು ಕಚ್ಚಿದಾಗ ಸಂಸ್ಕೃತ ಬಲ್ಲವರನ್ನ ಹುಡುಕಿಕೊಂಡು ಹೋಗೋಕೆ ಆಗಲ್ಲ. ಶಾಸ್ತ್ರ ಉಳಿಯಬೇಕಂದ್ರೆ ಮಾತಾಡೋ ಭಾಷೆಗೆ ಇಳೀಬೇಕು ಅನ್ನೋದು ನಮ್ಮವರಿಗೆ ಆಗಲೇ ಗೊತ್ತಿತ್ತು.

ಇದರ ಇನ್ನೊಂದು ಮುಖ ಚರಕದಲ್ಲೇ ಇದೆ. ಗಿಡದ ಹೆಸರು, ರೂಪ ಗೊತ್ತಿರೋದು ಕುರಿ, ಮೇಕೆ, ದನ ಕಾಯೋರಿಗೆ, ಕಾಡಲ್ಲಿ ಇರೋರಿಗೆ ಅಂತ ಅದು ಒಪ್ಪಿಕೊಳ್ಳುತ್ತೆ. ಆದ್ರೆ ಅದನ್ನ ಯಾರಿಗೆ, ಯಾವಾಗ, ಎಷ್ಟು ಕೊಡಬೇಕು ಅಂತ ಬಲ್ಲವನೇ ವೈದ್ಯ ಅನ್ನುತ್ತೆ. ಗಿಡ ತೋರಿಸಿದ ಆ ಕುರುಬನ ಹೆಸರು ಮಾತ್ರ ಯಾವ ಸಂಹಿತೆಯಲ್ಲೂ ಇಲ್ಲ.

ಭಾಗ 6/9: ಸುಶ್ರುತ ಅಚ್ಚಾದ ವರ್ಷ

ಈ ಸರಣಿಯಲ್ಲಿ ನನಗೆ ತುಂಬಾ ಇಷ್ಟವಾದ ವ್ಯಕ್ತಿ ಮಧುಸೂದನ ಗುಪ್ತ.

1827ರಲ್ಲಿ ಕಲ್ಕತ್ತಾದ ಸಂಸ್ಕೃತ ಕಾಲೇಜಿನಲ್ಲಿ ವೈದ್ಯಕೀಯ ತರಗತಿ ಶುರುವಾಯ್ತು. ಚರಕ, ಸುಶ್ರುತದ ಜೊತೆಗೆ ಯುರೋಪಿನ ಶರೀರಶಾಸ್ತ್ರವೂ ಇತ್ತು. ಅಲ್ಲೇ ಕಲಿತು ಅಲ್ಲೇ ಕಲಿಸಿದವರು ಮಧುಸೂದನ ಗುಪ್ತ, ಬಂಗಾಳದ ವೈದ್ಯ ಜಾತಿಯವರು. ಇಂಗ್ಲಿಷ್ ಅಂಗರಚನಾ ಪುಸ್ತಕವೊಂದನ್ನ ಸಂಸ್ಕೃತಕ್ಕೆ ಅನುವಾದ ಮಾಡಿದ್ರು. 1835ರಲ್ಲಿ ಸರ್ಕಾರ ಆ ತರಗತಿಯನ್ನ ಮುಚ್ಚಿ, ಇಂಗ್ಲಿಷಿನಲ್ಲಿ ಕಲಿಸೋ ಕಲ್ಕತ್ತಾ ಮೆಡಿಕಲ್ ಕಾಲೇಜ್ ತೆರೀತು. ಗುಪ್ತ ಅಲ್ಲಿಗೆ ಬಂದ್ರು. 1836ರಲ್ಲಿ ಹೆಣ ಕೊಯ್ದು ನೋಡಿದ್ರು. ಜಾತಿ ಕೆಡುತ್ತೆ ಅಂತ ಮೇಲ್ಜಾತಿಯವರು ಹೆಣ ಮುಟ್ಟದ ಕಾಲ ಅದು.

ಅದೇ ಹೊತ್ತಿಗೆ, 1835–36ರಲ್ಲಿ, ಸುಶ್ರುತ ಸಂಹಿತೆ ಎರಡು ಸಂಪುಟಗಳಲ್ಲಿ ಮೊದಲ ಬಾರಿಗೆ ಅಚ್ಚಾಯ್ತು. ಸಂಪಾದಕರು ಅದೇ ಮಧುಸೂದನ ಗುಪ್ತ. ಹೆಣವನ್ನ ಕಣ್ಣಾರೆ ನೋಡು ಅಂದ ಗ್ರಂಥವನ್ನ ಅಚ್ಚು ಹಾಕಿಸಿದ ಕೈಯೇ ಹೆಣ ಕೊಯ್ದ ಕೈ. ಅಷ್ಟು ಶತಮಾನ ಬಾಯಲ್ಲಿ ಮಾತ್ರ ಉಳಿದಿದ್ದ ಪಾಠ ಅವತ್ತು ಮೇಜಿನ ಮೇಲೆ ಬಂತು.

ಅಚ್ಚಿನಿಂದ ಲಾಭ ಆಯ್ತು, ಜೊತೆಗೆ ಒಂದು ಬದಲಾವಣೆಯೂ ಆಯ್ತು. ಕೈಬರಹದ ಕಾಲದಲ್ಲಿ ಊರಿಂದ ಊರಿಗೆ ಪಾಠ ಸ್ವಲ್ಪ ಬೇರೆ ಇರ್ತಿತ್ತು. ಅಚ್ಚಾದ ಮೇಲೆ ಒಂದೇ ಪಾಠ ಎಲ್ಲರ ಕೈಗೆ ಬಂತು. ಮುಂಬೈಯ ನಿರ್ಣಯಸಾಗರ ಮುದ್ರಣಾಲಯದಿಂದ ಯಾದವಜೀ ತ್ರಿಕಮಜೀ ಆಚಾರ್ಯರು ಡಲ್ಹಣನ ವ್ಯಾಖ್ಯಾನದ ಜೊತೆ 1915ರಲ್ಲಿ ಸುಶ್ರುತವನ್ನ, ಮುಂದೆ ಚಕ್ರಪಾಣಿದತ್ತನ ವ್ಯಾಖ್ಯಾನದ ಜೊತೆ ಚರಕವನ್ನ ತಂದರು. ಇವತ್ತಿಗೂ ಕಾಲೇಜುಗಳಲ್ಲಿ ಪ್ರಮಾಣ ಅಂತ ಹಿಡಿಯೋದು ಹೆಚ್ಚಾಗಿ ಅವೇ ಪಾಠಗಳನ್ನ.

ಆದ್ರೆ ಕಠ್ಮಂಡುವಿನ ಕೈಸರ್ ಗ್ರಂಥಾಲಯದಲ್ಲಿ ಸುಶ್ರುತದ ಒಂದು ಓಲೆಗರಿ ಪ್ರತಿ ಇದೆ, ಬರೆದದ್ದು ಕ್ರಿ.ಶ. 878ರಲ್ಲಿ. 2013ರಲ್ಲಿ ಯುನೆಸ್ಕೋ ಅದನ್ನ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. ವಿದ್ವಾಂಸರು ಹೋಲಿಸಿ ನೋಡಿದಾಗ ಅಚ್ಚಿನ ಪಾಠಕ್ಕೂ ಅದಕ್ಕೂ ಸಾಕಷ್ಟು ವ್ಯತ್ಯಾಸ ಸಿಕ್ತು. ಭಗವಾನ್ ಧನ್ವಂತರಿ ಹೇಳಿದಂತೆ ಅಂತ ಅಚ್ಚಿನ ಪುಸ್ತಕದ ಅಧ್ಯಾಯಗಳ ಆರಂಭದಲ್ಲಿ ಬರೋ ಮಾತು ಆ ಹಳೇ ಪ್ರತಿಯಲ್ಲಿ ಇಲ್ಲ. ದೇವರ ಹೆಸರು ಆಮೇಲೆ ಸೇರಿಕೊಂಡಿದೆ.

ಭಾಗ 7/9: ಕ್ಲಾಸ್‌ರೂಮಿಗೆ ಬಂದ ಸಂಹಿತೆ

ಮೈಸೂರಿನ ಆಯುರ್ವೇದ ಕಾಲೇಜಿನ ಮೂಲ 1908ಕ್ಕೆ ಹೋಗುತ್ತೆ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಮದ್ರಾಸಿನಲ್ಲಿ ಉಸ್ಮಾನ್ ಸಮಿತಿ 1923ರಲ್ಲಿ ವರದಿ ಕೊಟ್ಟು, 1925ರಲ್ಲಿ ಸರ್ಕಾರಿ ಭಾರತೀಯ ವೈದ್ಯ ಶಾಲೆ ಶುರುವಾಯ್ತು. ಮನೆ ಜಗಲಿಯಲ್ಲಿದ್ದ ಪಾಠ ಬೆಂಚು, ಬೋರ್ಡು, ಪರೀಕ್ಷೆಗೆ ಬಂತು.

ಬಂದ ಕೂಡಲೇ ಜಗಳವೂ ಬಂತು. ಆಧುನಿಕ ವೈದ್ಯಕೀಯ ಸೇರಿಸಿ ಕಲಿಸಬೇಕಾ, ಶುದ್ಧ ಆಯುರ್ವೇದ ಮಾತ್ರ ಕಲಿಸಬೇಕಾ? 1948ರಲ್ಲಿ ಚೋಪ್ರಾ ಸಮಿತಿ ಎರಡನ್ನೂ ಬೆಸೆಯಿರಿ ಅಂತು. 1963ರಲ್ಲಿ ವ್ಯಾಸ್ ಸಮಿತಿ ಶುದ್ಧ ಇರಲಿ ಅಂತು. 1970ರ ಕಾಯ್ದೆಯಿಂದ ಕೇಂದ್ರ ಪರಿಷತ್ತು ಬಂದು, ದೇಶಕ್ಕೆಲ್ಲಾ ಒಂದೇ ಬಿಎಎಂಎಸ್ ಪಠ್ಯ ಆಯ್ತು. 2020ರ ಕಾಯ್ದೆಯಿಂದ ಆ ಪರಿಷತ್ತಿನ ಜಾಗಕ್ಕೆ ರಾಷ್ಟ್ರೀಯ ಆಯೋಗ ಬಂತು.

ಈಗ ಹೇಗಿದೆ? ನಮ್ಮ ದೊಡ್ಡಮ್ಮನ ಮಗಳು ಬಿಎಎಂಎಸ್ ಓದ್ತಿದ್ದಾಳೆ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಪಿಯುಸಿಯಲ್ಲಿ ಅವಳು ಓದಿದ್ದು ಭೌತ, ರಸಾಯನ, ಜೀವಶಾಸ್ತ್ರ. ನೀಟ್ ಬರೆದು ಸೀಟು. ಸಂಸ್ಕೃತದ ಗಂಧ ಇರಲಿಲ್ಲ. ಮೊದಲ ವರ್ಷದಲ್ಲೇ ಸಂಸ್ಕೃತದ ಪೇಪರ್, ಪಕ್ಕದಲ್ಲೇ ಅಷ್ಟಾಂಗ ಹೃದಯದ ಸೂತ್ರಸ್ಥಾನ, ಇನ್ನೊಂದು ಪಕ್ಕ ಹೆಣ ಕೊಯ್ಯೋ ಅನಾಟಮಿ.

"ಅಕ್ಕ, ಅಷ್ಟೊಂದು ಶ್ಲೋಕ ಯಾಕೆ ಉರು ಹೊಡೀತೀಯ, ಅರ್ಥ ಗೊತ್ತಿದ್ರೆ ಸಾಲದಾ?" ಅಂತ ಕೇಳ್ದೆ.

"ವೈವಾದಲ್ಲಿ ಶ್ಲೋಕ ಹೇಳಿದ್ರೇ ಮಾರ್ಕ್ಸ್ ಕಣೋ. ಆದ್ರೆ ಒಂದು ಹೇಳ್ತೀನಿ, ಓಪಿಡಿಯಲ್ಲಿ ಕೂತಾಗ ಪಟ್ಟಿ ನೆನಪಾಗೋದು ಶ್ಲೋಕದಿಂದಾನೇ. ಜ್ವರದ ಲಕ್ಷಣ ಅಂದ ತಕ್ಷಣ ಸಾಲು ಬಾಯಿಗೆ ಬರುತ್ತೆ. ಕಷ್ಟ ಏನ್ ಗೊತ್ತಾ? ಶ್ಲೋಕ ಒಂದು ಹೇಳುತ್ತೆ, ಅನಾಟಮಿ ಟೇಬಲ್ ಇನ್ನೊಂದು ತೋರಿಸುತ್ತೆ. ಎರಡನ್ನೂ ಎರಡು ನೋಟ್‌ಬುಕ್ಕಲ್ಲಿ ಬರ್ಕೋತೀವಿ. ಸೇರಿಸಿ ಮಾತಾಡೋ ಪೀರಿಯಡ್ಡೇ ಇಲ್ಲ."

ಚರಕ ಹೇಳಿದ ಮೂರನೇ ದಾರಿ, ಬಲ್ಲವರ ಜೊತೆಗಿನ ಚರ್ಚೆ, ಅವಳು ಕೇಳ್ತಿರೋದು ಅದನ್ನೇ.

ಭಾಗ 8/9: ಒಂದೆಲಗ, ಬ್ರಾಹ್ಮಿ, ಮತ್ತೆ ಲೈಸೆನ್ಸ್

ಈಗ ಲೇಬಲ್‌ಗೆ ವಾಪಸ್ ಬರೋಣ. ಪುಸ್ತಕದ ಪ್ರಕಾರ ಅಂದ್ರೆ ಏನು?

ತೊಡಕು ಒಂದು: ಹೆಸರು. ನಮ್ಮ ಕಡೆ ತಂಬುಳಿ ಮಾಡೋ ಒಂದೆಲಗವನ್ನ ತುಂಬಾ ಜನ ಬ್ರಾಹ್ಮಿ ಅಂತಾರೆ. ಸರ್ಕಾರದ ಆಯುರ್ವೇದ ಫಾರ್ಮಾಕೋಪಿಯಾದಲ್ಲಿ ಬ್ರಾಹ್ಮಿ ಅಂದ್ರೆ ನೀರು ಬ್ರಾಹ್ಮಿ, ಒಂದೆಲಗ ಅಂದ್ರೆ ಮಂಡೂಕಪರ್ಣಿ. ಎರಡೂ ಬೇರೆ ಗಿಡ, ಎಲೆ ನೋಡಿದ್ರೇ ಗೊತ್ತಾಗುತ್ತೆ. ರಾಸ್ನಾ ಅಂದ್ರೆ ಉತ್ತರದಲ್ಲಿ ಒಂದು ಗಿಡ, ದಕ್ಷಿಣದಲ್ಲಿ ಇನ್ನೊಂದು. ಶ್ಲೋಕದಲ್ಲಿ ಚಿತ್ರ ಇರಲಿಲ್ಲ, ಪಕ್ಕದಲ್ಲಿ ನಿಂತು ಗಿಡ ತೋರಿಸೋ ಗುರು ಇದ್ದ.

ತೊಡಕು ಎರಡು: ಸಿಗದ ಗಿಡ. ಚ್ಯವನಪ್ರಾಶ ಚರಕದ ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯದಲ್ಲೇ ಇದೆ, 500 ನೆಲ್ಲಿಕಾಯಿ ಲೆಕ್ಕದಲ್ಲಿ. ಅದಕ್ಕೆ ಬೇಕಾದ ಜೀವಕ, ಋಷಭಕ, ಮೇದಾ, ಕಾಕೋಲಿ ಮುಂತಾದ ಗಿಡಗಳು ಅಷ್ಟವರ್ಗ ಅನ್ನೋ ಎಂಟರ ಗುಂಪಿಗೆ ಸೇರಿದವು. ಇವು ರಾಜರಿಗೂ ಸಿಗೋದು ಕಷ್ಟ ಅಂತ ಹದಿನಾರನೇ ಶತಮಾನದಲ್ಲೇ ಭಾವಪ್ರಕಾಶ ಹೇಳಿ, ಬದಲಿಗೆ ಶತಾವರಿ, ಅಶ್ವಗಂಧ, ವಿದಾರಿ, ವಾರಾಹಿ ಹಾಕಿ ಅಂತು. ಅಂದ್ರೆ ಪುಸ್ತಕದ ಪ್ರಕಾರ ಮಾಡಿದ ಚ್ಯವನಪ್ರಾಶದಲ್ಲೂ ಎಷ್ಟೋ ಸಲ ಇರೋದು ಬದಲಿ ಗಿಡ.

ತೊಡಕು ಮೂರು, ಇದೇ ದೊಡ್ಡದು. 2010ರಲ್ಲಿ ಬಂದ ನಿಯಮ 158-ಬಿ ಪ್ರಕಾರ, ಅಧಿಕೃತ ಗ್ರಂಥದ ಸೂತ್ರದಂತೆ ಮಾಡಿ, ಅದೇ ಗ್ರಂಥ ಹೇಳಿದ ರೋಗಕ್ಕೇ ಕೊಡೋ ಔಷಧಿಗೆ ಲೈಸೆನ್ಸ್ ಕೇಳುವಾಗ ಹೊಸದಾಗಿ ಸುರಕ್ಷತೆಯ ಅಧ್ಯಯನ ಬೇಕಿಲ್ಲ. ಪುಸ್ತಕವೇ ಸಾಕ್ಷಿ. ಇದರ ಹಿಂದೆ ಒಂದು ತರ್ಕ ಇದೆ: ಶತಮಾನಗಳ ಬಳಕೆಯೇ ಒಂದು ಪರೀಕ್ಷೆ. ಆದ್ರೆ ಅಂದಿನ ಬಳಕೆಯಲ್ಲಿ ವೈದ್ಯ ರೋಗಿಯನ್ನ ನೋಡಿ, ಜೀರ್ಣಶಕ್ತಿ ನೋಡಿ, ಋತು ನೋಡಿ ಪ್ರಮಾಣ ಹೇಳ್ತಿದ್ದ. ಇವತ್ತು ಅದೇ ಬಾಟಲಿ ಆನ್‌ಲೈನ್‌ನಲ್ಲಿ ಯಾರ ಕೈಗೂ ಬರುತ್ತೆ. ಸೂತ್ರ ಬಂತು, ಸೂತ್ರದ ಜೊತೆಗಿದ್ದ ವೈದ್ಯ ಬರಲಿಲ್ಲ. ಪಾದರಸ, ಸೀಸ ಇರೋ ರಸೌಷಧಿಗಳ ವಿಷಯದಲ್ಲಂತೂ ಇದು ಪ್ರಾಣದ ಪ್ರಶ್ನೆ. ಡಾಕ್ಟರನ್ನ ಕೇಳದೆ ಅವನ್ನ ಮುಟ್ಟಲೇಬೇಡಿ.

ಪುಸ್ತಕ ಸಾಕ್ಷಿಯಾಗಿ ಕಾಪಾಡಿದ್ದೂ ಇದೆ. 1995ರಲ್ಲಿ ಅರಿಶಿನದಿಂದ ಗಾಯ ವಾಸಿ ಮಾಡೋದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟರು. ನಮ್ಮ ಸಿಎಸ್‌ಐಆರ್ ಹಳೇ ಗ್ರಂಥಗಳನ್ನೂ ಪ್ರಕಟಿತ ಲೇಖನಗಳನ್ನೂ ಮುಂದಿಟ್ಟು ವಾದ ಮಾಡಿ, 1997ರಲ್ಲಿ ಅದನ್ನ ರದ್ದು ಮಾಡಿಸಿತು. ಇದಾದ ಮೇಲೆ 2001ರಲ್ಲಿ ಶುರುವಾದ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ, ಶ್ಲೋಕಗಳಲ್ಲಿರೋ ಯೋಗಗಳನ್ನ ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನಿ ಭಾಷೆಗಳಿಗೆ ತಂದು ಪೇಟೆಂಟ್ ಪರೀಕ್ಷಕರ ಕೈಗೆ ಇಟ್ಟಿದೆ. ಇದು ನಮಗೆ ಮೊದಲೇ ಗೊತ್ತಿತ್ತು ಅಂತ ತೋರಿಸೋಕೆ ಪುಸ್ತಕ ಸಾಕು. ಇದು ಎಲ್ಲರಿಗೂ ಕೆಲಸ ಮಾಡುತ್ತೆ, ಇದರಿಂದ ಅಪಾಯ ಇಲ್ಲ ಅಂತ ತೋರಿಸೋಕೆ ಸಾಲದು. ಎರಡೂ ಬೇರೆ ಬೇರೆ ಮಾತು, ರೀಲ್ಸ್‌ನಲ್ಲಿ ಎರಡನ್ನೂ ಕಲಸಿಬಿಡ್ತಾರೆ.

ಭಾಗ 9/9: ಹಾಗಿದ್ರೆ ಏನು ಮಾಡೋಣ?

ಈ ಸರಣಿ ಬರೀತಾ ನನಗೆ ಒಂದು ವಿಚಿತ್ರ ಕಂಡಿತು. ಅನುಸೂಚಿಯಲ್ಲಿರೋ ಗ್ರಂಥಗಳ ಕರ್ತೃಗಳಲ್ಲಿ ಬಹಳ ಜನ ತಮ್ಮ ಹಿಂದಿನ ಗ್ರಂಥವನ್ನ ಬದಲಾಯಿಸಿದವರೇ. ದೃಢಬಲ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಿಸಿದ. ವಾಗ್ಭಟ ಋಷಿಯ ಹೆಸರಿಗೆ ತಲೆಬಾಗಬೇಡಿ ಅಂದ. ಭಾವಮಿಶ್ರ ಹೊಸ ರೋಗಕ್ಕೆ ಜಾಗ ಮಾಡಿದ. ಸುಶ್ರುತದ ಪಾಠ ಕಣ್ಣಿಂದ ನೋಡದೆ ನಂಬಬೇಡ ಅಂತು. ಇಷ್ಟೆಲ್ಲಾ ಬದಲಾಯಿಸಿದವರ ಪುಸ್ತಕಗಳನ್ನ ಒಂದು ಪಟ್ಟಿಯಲ್ಲಿ ಸೇರಿಸಿ, ಇದರಲ್ಲಿ ಇದ್ದ ಹಾಗೇ ಮಾಡಿದ್ರೆ ಮಾತ್ರ ಶಾಸ್ತ್ರೀಯ ಅಂತ ನಾವು ಬೀಗ ಹಾಕಿದ್ದೀವಿ.

ಬೀಗಕ್ಕೂ ಕಾರಣ ಇದೆ, ಒಪ್ಪಬೇಕು. ಬೀಗ ಇಲ್ಲದಿದ್ರೆ ಯಾರು ಬೇಕಾದ್ರೂ ಏನು ಬೇಕಾದ್ರೂ ಕುದಿಸಿ ಚರಕನ ಹೆಸರಲ್ಲಿ ಮಾರ್ತಿದ್ರು. ಆಡಿಟ್ ಓದೋ ನನಗೆ ಅದು ಅರ್ಥ ಆಗುತ್ತೆ, ಲೆಕ್ಕಕ್ಕೆ ಒಂದು ಮೂಲ ದಾಖಲೆ ಬೇಕೇ ಬೇಕು. ಆದ್ರೆ ಆಡಿಟ್‌ನಲ್ಲಿ ದಾಖಲೆ ಇದೆ ಅಂದ್ರೆ ಕೆಲಸ ಮುಗಿಯಲ್ಲ. ಗೋಡೌನ್‌ಗೆ ಹೋಗಿ ಸ್ಟಾಕ್ ಎಣಿಸಬೇಕು. ಪುಸ್ತಕದಲ್ಲಿ 300 ಇದ್ದು ಗೋಡೌನ್‌ನಲ್ಲಿ 206 ಇದ್ರೆ, ಯಾಕೆ ಅಂತ ಕೂತು ಮಾತಾಡಬೇಕು. ಅಕ್ಕ ಕೇಳ್ತಿರೋ ಪೀರಿಯಡ್ ಅದು. ಎರಡು ನೋಟ್‌ಬುಕ್ ಒಂದೇ ಮೇಜಿನ ಮೇಲೆ ಬರೋ ಪೀರಿಯಡ್.

ಅಲ್ಲಿವರೆಗೆ ನಾವು ನೀವು ಮಾಡಬಹುದಾದ್ದು ಸಣ್ಣದು. ಮುಂದಿನ ಸಲ ಯಾರಾದ್ರೂ "ಚರಕ ಹೇಳಿದ್ದಾನೆ" ಅಂದ್ರೆ ಮೂರು ಪ್ರಶ್ನೆ ಕೇಳಿ. ಒಂದು, ಯಾವ ಸ್ಥಾನ, ಯಾವ ಅಧ್ಯಾಯ? ಎರಡು, ಅಲ್ಲಿ ಹೇಳಿರೋ ಗಿಡ ಇವತ್ತು ನೀವು ಕೊಡ್ತಿರೋ ಗಿಡವೇನಾ? ಮೂರು, ಯಾರಿಗೆ ಕೊಡಬಾರದು ಅಂತ ಅದೇ ಅಧ್ಯಾಯದಲ್ಲಿ ಏನಾದ್ರೂ ಇದೆಯಾ? ಮೂರನೇದಕ್ಕೆ ಉತ್ತರ ಕೊಡೋರು ಸಿಕ್ಕಿದ್ರೆ ಅವರ ಹತ್ರ ಇನ್ನೂ ನಾಲ್ಕು ಮಾತು ಕೇಳಿ, ನಿಜವಾಗ್ಲೂ ಓದಿರ್ತಾರೆ.

ನಿಮ್ಮ ಅಟ್ಟದ ಮೇಲೆ ಅಜ್ಜನ ಕಾಲದ ಓಲೆಗರಿ ಕಟ್ಟೋ, ವೈದ್ಯದ ಕೈಬರಹದ ಪುಸ್ತಕವೋ ಇದ್ರೆ ದಯವಿಟ್ಟು ರದ್ದಿಗೆ ಹಾಕಬೇಡಿ, ಹೊಳೆಗೂ ಬಿಡಬೇಡಿ. ಹತ್ತಿರದ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೆ ತೋರಿಸಿ. ಕಠ್ಮಂಡುವಿನ ಆ ಪ್ರತಿಯೂ ಸಾವಿರಕ್ಕೂ ಹೆಚ್ಚು ವರ್ಷ ಯಾರೋ ಬಿಸಾಡದೆ ಇಟ್ಟುಕೊಂಡಿದ್ದಕ್ಕೇ ಇವತ್ತು ನಮಗೆ ಸಿಕ್ಕಿದ್ದು.

ನಿಮ್ಮ ಬಾಟಲಿ ಮೇಲೆ ಯಾವ ಪುಸ್ತಕದ ಹೆಸರಿತ್ತು? ಕಾಮೆಂಟಲ್ಲಿ ಹಾಕಿ. ಜಾಸ್ತಿ ಬಂದ ಪುಸ್ತಕದ ಕಥೆ ಮುಂದಿನ ಸರಣಿ.

#ಕನ್ನಡ #ಇತಿಹಾಸ #ಆಯುರ್ವೇದ #ಚರಕಸಂಹಿತೆ #ಸುಶ್ರುತ #ಓಲೆಗರಿ